ಹಲ್ಲು ಮೂಡುವ ಮುಂಚೆ



ನಮ್ಮ ಹತ್ತನೇ ತರಗತಿಯ ಗುಂಪು ಫೋಟೊದಲ್ಲಿ ಕೆಲವರು ತುಟಿ ಬಿಗಿಹಿಡಿದು ನಿಂತಿದ್ದಾರೆ, ಹಲ್ಲಿನ ಕಂದು ಗೆರೆ ಕಾಣಬಾರದೆಂದು. ‘ಹಲ್ಲು ತಿಕ್ಕೂದಿಲ್ಲೇನೋ?’ ಎಂದು ಎಲ್ಲರಿಂದಲೂ ಕೇಳಿಸಿಕೊಂಡವರು. ತಿಕ್ಕುತ್ತಿದ್ದರು, ಇದ್ದಿಲು ಹಚ್ಚಿ ವಸಡು ಕೆಂಪಾಗುವಷ್ಟು. ಆ ಗೆರೆ ಕೊಳೆಯದಲ್ಲ, ಕುಡಿದ ನೀರಿನದು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಹಲವು ಹಳ್ಳಿಗಳ ಬೋರ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಅದನ್ನೂ ಮೀರಿದರೆ ವಸಡಿನೊಳಗೆ ಬೆಳೆಯುತ್ತಿರುವಾಗಲೇ ಮಗುವಿನ ಹಲ್ಲು ಕೆಡುತ್ತದೆ. ಎಂಟು ವರ್ಷ ತುಂಬುವುದರೊಳಗೆ, ಬುದ್ಧಿಹಲ್ಲು ಬಿಟ್ಟರೆ, ಉಳಿದವುಗಳ ಮೇಲ್ಪದರ ತಯಾರಾಗಿರುತ್ತದೆ. ಹೈಸ್ಕೂಲಿನಲ್ಲಿ ಶಿಬಿರ ಮಾಡಿದರೆ ಕಲೆ ಎಣಿಸಬಹುದು, ತಡೆಯಲಾಗದು.

ಕುದಿಸಿದರೂ ಫ್ಲೋರೈಡ್ ಹೋಗದು. ನೀರು ಆವಿಯಾಗಿ ಇನ್ನೂ ಗಟ್ಟಿಯಾಗುತ್ತದೆ. ಸರಿಯಾಗಿ ನೋಡಿಕೊಂಡ ಆರ್‌ಓ ಘಟಕದ ನೀರು ಆದೀತು, ಕುಡಿಯಲಿಕ್ಕಷ್ಟೇ ಅಲ್ಲ, ಬೇಳೆ ಬೇಯಿಸಲಿಕ್ಕೂ.

ಹಾಗಾದರೆ ಪೇಸ್ಟ್ ಬಿಡಬೇಕೇ? ಬೇಡ. ಹುಳುಕು ತಡೆಯಲು ಅದು ಬೇಕು. ಮೂರು ದಾಟಿದ ಮಗುವಿಗೆ ಬಟಾಣಿ ಕಾಳಿನಷ್ಟು ಸಾಕು, ನುಂಗದೆ ಉಗುಳಲಿ. ಆರನೇ ವರ್ಷಕ್ಕೆ ಹಿಂದೆ ಮೂಡುವ ದವಡೆ ಹಲ್ಲನ್ನು ‘ಹಾಲುಹಲ್ಲು, ಬೀಳ್ತದ ಬಿಡು’ ಅನ್ನಬೇಡಿ. ಅದು ಬಿದ್ದರೆ ಮತ್ತೆ ಬಾರದು.

ಸುವರ್ಣ ಮಹೋತ್ಸವದ ಹಣದಲ್ಲಿ ಸ್ವಾಗತ ಕಮಾನು ಕಟ್ಟುವ ಮಾತಿದೆ. ಬೇಸರ ಮಾಡಿಕೊಳ್ಳಬೇಡಿ, ಕಮಾನು ಮುಂದಿನ ವರ್ಷವೂ ಆದೀತು. ಮೊದಲು ಅಂಗನವಾಡಿ ಮಕ್ಕಳ ನೀರು. ನಾಳೆ ಮುಂಜಾನೆ ಅಲ್ಲಿನ ಬೋರ್ ನೀರನ್ನು ಬಾಟಲಿಯಲ್ಲಿ ತುಂಬಿ ಪರೀಕ್ಷೆಗೆ ಒಯ್ಯುತ್ತೇನೆ. ಜೊತೆಗೆ ಯಾರು ಬರ್ತೀರಿ?