ಭಾಗಾಕಾರ ತಪ್ಪಿದ ಯಂತ್ರ

ಮಗ್ಗಿ ತಪ್ಪಿದ ಹುಡುಗನ ಕಿವಿಯನ್ನು ಮೇಷ್ಟರು ಹಿಂಡುತ್ತಿದ್ದ ಕಾಲವೊಂದಿತ್ತು. ಲೆಕ್ಕ ಮಾಡುವ ಯಂತ್ರವೇ ತಪ್ಪಿದರೆ ಯಾರ ಕಿವಿ ಹಿಂಡುವುದು? 1994ರಲ್ಲಿ ಅಮೆರಿಕದಲ್ಲಿ ಈ ಪ್ರಶ್ನೆ ನಿಜವಾಗಿಯೇ ಎದ್ದಿತು.

ವರ್ಜೀನಿಯಾ ರಾಜ್ಯದ ಲಿಂಚ್‌ಬರ್ಗ್ ಕಾಲೇಜಿನಲ್ಲಿ ಥಾಮಸ್ ನೈಸ್‌ಲಿ ಎಂಬ ಗಣಿತದ ಪ್ರಾಧ್ಯಾಪಕರಿದ್ದರು. 11 ಮತ್ತು 13, 17 ಮತ್ತು 19, ಹೀಗೆ ಜೋಡಿಯಾಗಿ ಬರುವ ಅವಿಭಾಜ್ಯ ಸಂಖ್ಯೆಗಳ ವ್ಯುತ್ಕ್ರಮಗಳನ್ನು ಕೂಡಿಸುತ್ತ ಹೋಗುವುದು ಅವರ ವ್ಯಾಸಂಗ. ಅದರಿಂದೇನು ಲಾಭವೆಂದು ಕೇಳಬೇಡಿ. ಕವಿತೆಯನ್ನು ಕುರಿತು ಹಾಗೆ ಕೇಳಿದವರಿಗೆ ನಾವು ಏನು ಹೇಳುತ್ತೇವೆಯೋ ಅದೇ ಇಲ್ಲಿಯೂ ಉತ್ತರ. ಇಂಟೆಲ್ ಕಂಪನಿಯ ಹೊಸ ಪೆಂಟಿಯಂ ಚಿಪ್ ಇದ್ದ ಗಣಕಯಂತ್ರವೊಂದು ಆ ಕೆಲಸಕ್ಕೆ ಸೇರಿಕೊಂಡ ಮೇಲೆ ಉತ್ತರಗಳು ತಾಳೆಯಾಗಲಿಲ್ಲ. ತಪ್ಪು ತಮ್ಮದೇ ಇರಬೇಕೆಂದು ಅವರು ತಿಂಗಳುಗಟ್ಟಲೆ ಹುಡುಕಿದರು. ಅಕ್ಟೋಬರಿನ ಹೊತ್ತಿಗೆ, ಅದು ಚಿಪ್‌ನೊಳಗೇ ಇದೆಯೆಂದು ಖಚಿತವಾಯಿತು. ಭಾಗಾಕಾರಕ್ಕೆಂದು ಅದರಲ್ಲಿ ಅಳವಡಿಸಿದ್ದ ಕೋಷ್ಟಕದಲ್ಲಿ 1,066 ನಮೂದುಗಳಿರಬೇಕಾಗಿತ್ತು, 5 ಬಿಟ್ಟುಹೋಗಿದ್ದವು. 41,95,835ನ್ನು 31,45,727ರಿಂದ ಭಾಗಿಸಿದರೆ 1.3338 ಬರಬೇಕಾದಲ್ಲಿ 1.3337 ಬರುತ್ತಿತ್ತು.

ಕಂಪನಿಗೆ ಇದು ಹೊಸ ಸುದ್ದಿಯೇನಲ್ಲ. ಅದರ ಪರೀಕ್ಷಕರು ಆ ಬೇಸಿಗೆಯಲ್ಲೇ ದೋಷವನ್ನು ಕಂಡಿದ್ದರು. ಕೊಂಡವರಿಗೆ ಹೇಳದೆ, ಮುಂದಿನ ಚಿಪ್‌ಗಳಲ್ಲಿ ತಿದ್ದುವ ಸಿದ್ಧತೆ ನಡೆದಿತ್ತು. ಪ್ರಾಧ್ಯಾಪಕರು ಕಂಪನಿಗೆ ತಿಳಿಸಿ, ಬಳಿಕ ಅಕ್ಟೋಬರ್ 30ರಂದು ಪರಿಚಿತರಿಗೆ ಒಂದು ಪತ್ರ ಬರೆದರು. ಅದರಲ್ಲಿ ಆಕ್ರೋಶವಿರಲಿಲ್ಲ, ನೀವೂ ಪರೀಕ್ಷಿಸಿ ನೋಡಿ ಎಂಬ ಕೋರಿಕೆಯಿತ್ತು, ಅಷ್ಟೆ. ಪತ್ರ ಕೈಯಿಂದ ಕೈಗೆ ಹರಡಿ, ನವೆಂಬರ್ ಮುಗಿಯುವ ಮೊದಲೇ ಪತ್ರಿಕೆಗಳನ್ನು ಮುಟ್ಟಿತು.

ಸಾಮಾನ್ಯ ಬಳಕೆದಾರನಿಗೆ ಈ ತಪ್ಪು 27,000 ವರ್ಷಕ್ಕೊಮ್ಮೆ ಎದುರಾದೀತು ಎಂದು ಕಂಪನಿ ಲೆಕ್ಕ ಕೊಟ್ಟಿತು. ಲೆಕ್ಕ ತಪ್ಪಿದ್ದಕ್ಕೆ ಸಮಾಧಾನವೂ ಲೆಕ್ಕದಲ್ಲೇ! ಕ್ಲಿಷ್ಟ ಗಣಿತದ ಅಗತ್ಯವನ್ನು ತೋರಿಸಿಕೊಟ್ಟವರಿಗೆ ಮಾತ್ರ ಬದಲಿ ಚಿಪ್ ಎಂದಿತು. ಜನ ಕೆರಳಿದ್ದು ಇಲ್ಲಿ. ಹಣ ಕೊಟ್ಟು ಕೊಂಡವನು ಸರಿಯಾದ ಭಾಗಾಕಾರಕ್ಕೆ ತಾನು ಅರ್ಹನೆಂದು ರುಜುವಾತು ಮಾಡಬೇಕೆ? ಡಿಸೆಂಬರ್ 12ರಂದು ಐಬಿಎಂ ಕಂಪನಿ ಪೆಂಟಿಯಂ ಯಂತ್ರಗಳ ರವಾನೆಯನ್ನೇ ನಿಲ್ಲಿಸಿತು. ಎಂಟು ದಿನ ಕಳೆದು ಇಂಟೆಲ್ ಕ್ಷಮೆ ಕೋರಿ, ಕೇಳಿದವರಿಗೆಲ್ಲ ಬದಲಿ ಕೊಡಲು ಒಪ್ಪಿತು. ಇದಕ್ಕಾಗಿ ತೆಗೆದಿರಿಸಿದ ಮೊತ್ತ 47.5 ಕೋಟಿ ಡಾಲರ್.

ವಿಚಿತ್ರವೆಂದರೆ, ಮನೆಬಳಕೆಗೆ ಕೊಂಡವರಲ್ಲಿ ಬದಲಿ ಕೇಳಿದವರು ಕೆಲವೇ ಮಂದಿ. ಅವರಿಗೆ ಬೇಕಾಗಿದ್ದುದು ಚಿಪ್‌ಗಿಂತ ಹೆಚ್ಚಾಗಿ ಆ ಒಪ್ಪಿಗೆಯೇ ಇರಬೇಕು. ಅಲ್ಲಿಂದ ಮುಂದೆ ಚಿಪ್‌ಗಳ ದೋಷಗಳ ಪಟ್ಟಿಯನ್ನು ಕಂಪನಿ ತಾನೇ ಪ್ರಕಟಿಸತೊಡಗಿತು. ಕೆಟ್ಟ ಚಿಪ್‌ಗಳಲ್ಲಿ ಕೆಲವನ್ನು ಬೀಗದಕೈ ಗೊಂಚಲಿಗೆ ಅಳವಡಿಸಿ ತನ್ನ ನೌಕರರಿಗೆ ಹಂಚಿತು.