ಕೂಸು ಹುಟ್ಟುವ ಮುನ್ನ ಕುಲಾವಿ

ಸಂಸ್ಕೃತ ನಾಟಕಗಳ ವಿದೂಷಕನನ್ನು ತಾವೆಲ್ಲ ಬಲ್ಲಿರಿ. ಕಿತ್ತಳೆ ಮೈಮೇಲೆ ಬಿಳಿಯ ಪಟ್ಟೆ ತೊಟ್ಟು ಓಲಾಡುತ್ತ ಈಜುವ ಪುಟ್ಟ ಕಡಲ ಮೀನೊಂದಕ್ಕೂ ಇಂಗ್ಲಿಷಿನವರು ಅದೇ ಅರ್ಥದ ಹೆಸರಿಟ್ಟು ಕ್ಲೌನ್ ಮೀನು ಎಂದರು. 2003ರಲ್ಲಿ ಬಂದ ‘ಫೈಂಡಿಂಗ್ ನೀಮೋ’ ಚಿತ್ರದಿಂದ ಅದು ಮಕ್ಕಳಿಗೂ ಪರಿಚಿತವಾಯಿತು. ಈ ಮೀನನ್ನು ಮನೆಯ ಗಾಜಿನ ತೊಟ್ಟಿಯಲ್ಲಿ ಸಾಕುವುದಷ್ಟೇ ಅಲ್ಲ, ಮರಿ ಮಾಡಿಸುವುದೂ ಸಾಧ್ಯ. ಆದರೆ ಹುಟ್ಟಿದ ಮರಿಯನ್ನು ಉಳಿಸಿಕೊಳ್ಳುವುದು ಬಲು ಕಷ್ಟ. ಆ ಕಷ್ಟವನ್ನು ಕುರಿತೇ ಇಂದಿನ ಮಾತು.

ಈ ಮೀನುಗಳ ಸಂಸಾರ ವಿಚಿತ್ರವಾದುದು. ಇವು ಮೊದಲು ಗಂಡಾಗಿ ಬೆಳೆದು, ಗುಂಪಿನಲ್ಲಿ ಎಲ್ಲಕ್ಕಿಂತ ದೊಡ್ಡದಾದದ್ದು ಹೆಣ್ಣಾಗುತ್ತದೆ. ಆ ಹೆಣ್ಣು ಸತ್ತರೆ ಅದರ ಗಂಡನೇ ಹೆಣ್ಣಾಗುವುದುಂಟು! ಆದ್ದರಿಂದ ಒಂದು ದೊಡ್ಡ, ಒಂದು ಚಿಕ್ಕ ಎಳೆಯ ಮೀನನ್ನು ಕೂಡಿಸಿ ಬೆಳೆಸಿದರೆ ಕಾಲಕ್ರಮದಲ್ಲಿ ಸಾಮಾನ್ಯವಾಗಿ ಜೋಡಿಯಾಗುತ್ತದೆ. ನೀರು ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿನಂಶವುಳ್ಳದ್ದಾಗಿರಬೇಕು. ಅಡಿಗೆಯ ಉಪ್ಪು ಇದಕ್ಕೆ ಒಗ್ಗದು. ಕಡಲ ಮೀನಿಗೆಂದೇ ಮಾರುವ ಉಪ್ಪು ಬೇಕು. ಶಾಖ 26ರಿಂದ 28 ಡಿಗ್ರಿ ಸೆಲ್ಸಿಯಸ್ ಇದ್ದರೆ ಹಿತ. ಕಡಲಿನಲ್ಲಿ ಇವು ಹೂವಿನಂತೆ ಕಾಣುವ ಅನಿಮೊನಿ ಎಂಬ ಪ್ರಾಣಿಯ ಮರೆಯಲ್ಲಿದ್ದು, ಅದರ ಪಕ್ಕದ ಬಂಡೆಯ ಮೇಲೆ ಮೊಟ್ಟೆಯಿಡುತ್ತವೆ. ಮನೆಯಲ್ಲಿ ಮಣ್ಣಿನ ಹೂಕುಂಡವನ್ನು ಮಲಗಿಸಿಟ್ಟರೂ ಆದೀತು.

ಒಂದು ಸಲಕ್ಕೆ ನೂರಾರು ಮೊಟ್ಟೆ. ಅಲ್ಲಿಂದ ಮುಂದೆ ಬಾಣಂತನವೆಲ್ಲ ಬಹುಮಟ್ಟಿಗೆ ತಂದೆಯದು. ರೆಕ್ಕೆಯಿಂದ ಬೀಸಿ ಹೊಸ ನೀರು ಹಾಯಿಸುತ್ತಾನೆ, ಕೆಟ್ಟ ಮೊಟ್ಟೆಯನ್ನು ಬಾಯಿಂದ ತೆಗೆಯುತ್ತಾನೆ. ಸುಮಾರು 7ರಿಂದ 10 ದಿನಗಳಲ್ಲಿ ಮೊಟ್ಟೆಯೊಳಗಿನ ಕಣ್ಣು ಬೆಳ್ಳಿಯಂತೆ ಹೊಳೆಯುತ್ತದೆ. ಆಗ ಆ ಕುಂಡವನ್ನು ಬೇರೆ ತೊಟ್ಟಿಗೆ ಸಾಗಿಸಬೇಕು. ದೀಪವಾರಿದ ಮೇಲೆ, ಕತ್ತಲಲ್ಲಿ ಮರಿಗಳು ಹೊರಬರುತ್ತವೆ.

ನನ್ನ ಮೊದಲ ಪ್ರಯತ್ನದಲ್ಲಿ ಇಲ್ಲಿಯವರೆಗೆ ಎಲ್ಲವೂ ಸುಗಮ. ಮನೆಮಂದಿಯೆಲ್ಲ ಟಾರ್ಚು ಹಿಡಿದು ಕಾದೆವು. ಮೂರು ನಾಲ್ಕು ಮಿಲಿಮೀಟರ್ ಉದ್ದದ ಮರಿಗಳು ಗಾಜಿನ ಚೂರುಗಳಂತೆ ಬೆಳಕಿನತ್ತ ಬಂದವು. ಅಂಗಡಿಯಿಂದ ತಂದ ಒಣ ಆಹಾರವನ್ನು ಅರೆದು, ಬಟ್ಟೆಯಲ್ಲಿ ಸೋಸಿ ಹಾಕಿದೆ. ಮೂರನೆಯ ದಿನ ಬೆಳಿಗ್ಗೆ ಒಂದೂ ಉಳಿದಿರಲಿಲ್ಲ. ಹಾಕಿದ ಪುಡಿ ತಳದಲ್ಲಿ ಕೊಳೆತು ನೀರನ್ನೂ ಕೆಡಿಸಿತ್ತು.

ತಪ್ಪು ನನ್ನದೇ. ಆ ಮರಿಗಳಿಗೆ ಚಲಿಸುವ ಜೀವಂತ ಆಹಾರವೇ ಬೇಕು. ಅದೂ ಅವುಗಳ ಪುಟ್ಟ ಬಾಯಿಗೆ ಹಿಡಿಸುವಷ್ಟು ಸಣ್ಣದಿರಬೇಕು. ರೋಟಿಫರ್ ಎಂಬ ಸೂಕ್ಷ್ಮ ಜೀವಿ ಅಂಥದು. ರೋಟಿಫರಿಗೆ ಕಡಲ ನೀರಿನ ಸೂಕ್ಷ್ಮ ಹಸಿರು ಪಾಚಿ ಆಹಾರ. ಹೀಗೆ ಮರಿಗೆ ಉಣಿಸಬೇಕಾದರೆ ಮೊದಲು ಪಾಚಿ, ಆಮೇಲೆ ರೋಟಿಫರ್ ಬೆಳೆಸಿ ಕೈಯಲ್ಲಿಟ್ಟುಕೊಂಡಿರಬೇಕು. ಎರಡನ್ನೂ ಬೇರೆ ಬೇರೆ ಜಾಡಿಗಳಲ್ಲಿ, ಗಾಳಿಯಾಡಿಸುತ್ತ ಬೆಳೆಸಬಹುದು. ಒಂದು ಜಾಡಿ ಕೆಟ್ಟರೂ ಇನ್ನೊಂದು ಉಳಿಯುವಂತೆ ಜೋಡಿ ಜಾಡಿ ಇಡುವುದು ಲೇಸು.

ಮರಿತೊಟ್ಟಿಯಲ್ಲಿ ಮೊದಲ ದಿನದಿಂದಲೇ ಪ್ರತಿ ಮಿಲಿಲೀಟರ್ ನೀರಿಗೆ ಹತ್ತರಷ್ಟು ರೋಟಿಫರ್ ಇರಲಿ. ಬೆಳಕು ಮಂದವಾಗಿರಲಿ, ಪಕ್ಕಗಳಿಗೆ ಕಪ್ಪು ಕಾಗದ ಅಂಟಿಸಿರಲಿ. ಒಂದು ವಾರದ ಹೊತ್ತಿಗೆ, ಆಗತಾನೆ ಒಡೆದ ಆರ್ಟೀಮಿಯಾ ಮರಿಗಳನ್ನು ಸ್ವಲ್ಪ ಸ್ವಲ್ಪವಾಗಿ ಕೊಡಬಹುದು. ತಳದ ಕಸವನ್ನು ಸಣ್ಣ ಕೊಳವೆಯಿಂದ ನಿತ್ಯ ತೆಗೆದು, ಅಷ್ಟೇ ಉಪ್ಪಿನ, ಅಷ್ಟೇ ಶಾಖದ ನೀರನ್ನು ಹನಿಹನಿಯಾಗಿ ತುಂಬಬೇಕು. ಹತ್ತು ಹನ್ನೆರಡು ದಿನ ಕಳೆದರೆ ಮರಿಗಳು ತಳದತ್ತ ಇಳಿದು ಬಿಳಿಪಟ್ಟೆ ತೊಡತೊಡಗುತ್ತವೆ. ಅಲ್ಲಿಗೆ ದೊಡ್ಡ ಗಂಡಾಂತರ ಕಳೆಯಿತು. ಎರಡನೆಯ ಸಲ ನನ್ನಲ್ಲಿ ಹೀಗೆ ಉಳಿದವು ಹದಿನೇಳು.

ನೂರಾರರಲ್ಲಿ ಹದಿನೇಳೇ ಎನ್ನಬೇಡಿ. ಈ ಮೀನುಗಳನ್ನು ಇಂದಿಗೂ ಹವಳದ ದಿಬ್ಬಗಳಿಂದ ಹಿಡಿದು ಮಾರುವುದುಂಟು. ಮನೆಯಲ್ಲಿ ಹುಟ್ಟಿದ ಮರಿಯನ್ನು ಸಾಕುವವನು ಕಡಲಿನ ಮೀನನ್ನು ಕೊಳ್ಳಬೇಕಾದುದಿಲ್ಲ.

‘ಕೂಸು ಹುಟ್ಟುವ ಮುನ್ನ ಕುಲಾವಿ’ ಎಂಬ ಗಾದೆಯನ್ನು ತರಗತಿಯಲ್ಲಿ ವಿವರಿಸುವಾಗಲೆಲ್ಲ ಆತುರಗಾರನನ್ನು ಹಾಸ್ಯ ಮಾಡುತ್ತ ಬಂದವನು ನಾನು. ಈ ಮೀನಿನ ಮಟ್ಟಿಗೆ ಆ ಆತುರಗಾರನೇ ಜಾಣ. ತಮ್ಮ ತೊಟ್ಟಿಯ ಜೋಡಿ ಕುಂಡವನ್ನು ಬಾಯಿಂದ ಉಜ್ಜಿ ಶುಚಿಮಾಡುವುದು ಕಂಡರೆ ಮೊಟ್ಟೆಯ ದಿನ ಸಮೀಪಿಸಿತೆಂದು ತಿಳಿಯಿರಿ. ಪಾಚಿಯ ಜಾಡಿ ಅದಕ್ಕೂ ಮುಂಚೆಯೇ ಹಸಿರಾಗಿರಲಿ.