ಗಂಟೆ ಬಾರಿಸಿದಾಗ

ಬಾಳಿನ ಬಹುಭಾಗವನ್ನು ನಾನು ಅಗ್ನಿಶಾಮಕ ದಳದಲ್ಲಿ ಕಳೆದವನು. ನಮಗಿರುವ ಭಯವೆಲ್ಲ ಬೆಂಕಿಯದೇ ಎಂದು ಜನ ಭಾವಿಸುತ್ತಾರೆ; ನಾನೂ ಹಾಗೆಯೇ ನಂಬಿದ್ದೆ. ನಲವತ್ತೈದರ ವಯಸ್ಸಿನಲ್ಲಿ ಒಂದು ರಾತ್ರಿ, ಗಾಳಿಯ ಸಿಲಿಂಡರನ್ನು ಬೆನ್ನಿಗೇರಿಸಿ ಮೂರನೆಯ ಮಹಡಿ ಹತ್ತುವಾಗ ಎದೆ ಬಡಿದುಕೊಂಡಿತು, ಕಾಲು ಸೋತವು. ಕಿರಿಯ ಸಹೋದ್ಯೋಗಿಯೊಬ್ಬ ನನ್ನ ಕೈಯಿಂದ ನೀರಿನ ಪೈಪನ್ನು ತೆಗೆದುಕೊಂಡು ಮುಂದೆ ನಡೆದ. ಒಳಗಿದ್ದವರು ಉಳಿದರು. ಅವನು ಇಲ್ಲದೆ ಹೋಗಿದ್ದರೆ?

ತಕ್ಕಡಿ ನನ್ನನ್ನು ವಂಚಿಸಿತ್ತು. ಇಪ್ಪತ್ತು ವರ್ಷಗಳಲ್ಲಿ ನನ್ನ ತೂಕ ಹೆಚ್ಚೇನೂ ಬದಲಾಗಿರಲಿಲ್ಲ. ಆದರೆ ಮಾಂಸಖಂಡ ಕರಗಿ ಕೊಬ್ಬು ಸೇರಿದ್ದನ್ನು ತಕ್ಕಡಿ ಹೇಳಲಾರದು. ಮಾಂಸಖಂಡ ಭಾರವನ್ನು ಹೊರುತ್ತದೆ. ಕೊಬ್ಬು ತಾನೇ ಹೊರೆಯಾಗುತ್ತದೆ.

ಅಮೆರಿಕದ ಅಗ್ನಿಶಾಮಕರನ್ನು ಕುರಿತ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. 1994ರಿಂದ 2004ರವರೆಗೆ, 2001ರ ಸೆಪ್ಟೆಂಬರ್ 11ರ ಬಲಿಗಳನ್ನು ಬಿಟ್ಟರೆ, ಕರ್ತವ್ಯದಲ್ಲಿ ಮಡಿದವರಲ್ಲಿ ನೂರಕ್ಕೆ 39 ಮಂದಿಯನ್ನು ಕೊಂಡೊಯ್ದದ್ದು ಹೃದಯದ ರಕ್ತನಾಳಗಳ ರೋಗ. ಬೆಂಕಿ ಆರಿಸುವುದರಲ್ಲಿ ಕಳೆಯುವ ಹೊತ್ತು ಅವರ ದುಡಿಮೆಯಲ್ಲಿ ನೂರಕ್ಕೆ 1ರಿಂದ 5 ಪಾಲು ಮಾತ್ರ; ಈ ಹೃದಯಾಘಾತದ ಸಾವುಗಳಲ್ಲಿ ಸುಮಾರು ಮೂರನೆಯ ಒಂದು ಪಾಲು ಆ ಹೊತ್ತಿನಲ್ಲಿಯೇ ಸಂಭವಿಸಿದ್ದವು. ವಿಶ್ರಾಂತಿಯಲ್ಲಿದ್ದ ದೇಹ ಒಮ್ಮೆಗೇ ಭಾರ, ಬಿಸಿ, ಆತಂಕಗಳನ್ನು ಎದುರಿಸಿದಾಗ, ಅಣಿಯಾಗದ ಹೃದಯ ಸೋಲುತ್ತದೆ.

ಆ ರಾತ್ರಿಯ ನಂತರ ನಿವೃತ್ತಿಯವರೆಗೂ ಮುಂಜಾನೆ ಭಾರ ಹೊತ್ತು ಠಾಣೆಯ ಮೆಟ್ಟಿಲುಗಳನ್ನು ಹತ್ತಿದೆ. ಕಿರಿಯರಿಗೆ ನಾನು ಹೇಳುತ್ತಿದ್ದುದು ಇಷ್ಟೇ: ಗಂಟೆ ಬಾರಿಸಿದ ಮೇಲೆ ಶಕ್ತಿಯನ್ನು ಸಾಲ ತರಲಾಗದು.